ಅತ್ತೆ ಮೈಲಾರಿಯನ್ನು ಕೂಗಿದ ದಿನ

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಗುತ್ತಿದ್ದವಳು ನಾನು. ಮುಖ ತಿರುಗಿಸಿಕೊಂಡಲ್ಲ, ಎದುರಿಗೇ. ಹಿರೇಹಡಗಲಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ; ಗ್ರಹಣದ ದಿನ ಬೇಕೆಂದೇ ಮಂಡಕ್ಕಿ ತಿನ್ನುತ್ತಾ ಅಂಗಳದಲ್ಲಿ ನಿಲ್ಲುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನಾನು ಹೇಳದಿದ್ದರೆ ಇದನ್ನು ಹೇಳುವವರು ಇನ್ನು ಯಾರೂ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆಯವರು ಗ್ರಾಮಸೇವಕರು. ಆ ವರ್ಷ ಹತ್ತಿಗೆ ಹುಳ ಬಿದ್ದು, ವಿಮಾನದಿಂದ ಔಷಧಿ ಹೊಡೆಸುವ ಏರ್ಪಾಡಾಗಿತ್ತು. ಹಗರಿಬೊಮ್ಮನಹಳ್ಳಿಯ ಆಚೆ ಒಂದು ಬೀಳು ನೆಲವನ್ನು ಸಮ ಮಾಡಿ, ಸುಣ್ಣದ ಗೆರೆ ಎಳೆದು ವಿಮಾನ ಇಳಿಯಲು ಜಾಗ ಮಾಡಿದ್ದರು. ಬಂದದ್ದು ಎರಡು ವಿಮಾನ. ಒಂದು ಔಷಧಿ ಹೊಡೆಯುವುದು, ಅದರಲ್ಲಿ ಪೈಲಟ್ ಒಬ್ಬನಿಗೇ ಜಾಗ. ಇನ್ನೊಂದು ನಾಲ್ಕು ಸೀಟಿನದು, ಮೇಲಿನಿಂದ ಬೆಳೆ ನೋಡಲು. ಎರಡೂ ಬಿಳಿ, ದೂರದಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಭಾನುವಾರ ಬಂತೆಂದರೆ ಸುತ್ತಲಿನವರು ಗಾಡಿ ಹೂಡಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ನಾಲ್ಕು ಸೀಟಿನ ವಿಮಾನದ ಪೈಲಟ್ ಒಳ್ಳೆಯ ಮನುಷ್ಯ. ಕೆಲಸದವರ ಮನೆಮಂದಿಯನ್ನು ಹತ್ತಿಸಿಕೊಂಡು ಒಂದು ಸುತ್ತು ಹಾಕಿಸಿ ತರುತ್ತಿದ್ದ. ನಮ್ಮ ಸರದಿಯೂ ಬಂತು.

ನಮ್ಮ ಮಗ ಮೈಲಾರಿಗೆ ಆಗ ಐದು ತಿಂಗಳು. ಬಹಳ ವರ್ಷ ಕಾದ ಮೇಲೆ ಹುಟ್ಟಿದವನು. ಅವನಿಗೊಂದು ಅಭ್ಯಾಸವಿತ್ತು. ಅಜ್ಜಿ ಎಲ್ಲಿಂದ ಹೆಸರು ಹಿಡಿದು ಕೂಗಿದರೂ ಹಾಲು ಕುಡಿಯುವುದನ್ನು ಬಿಟ್ಟು ಅತ್ತ ತಿರುಗಿ, ಹೂಂ ಎಂದು ದನಿ ತೆಗೆದು, ಎರಡೂ ಕಾಲು ಒದೆಯುತ್ತಿದ್ದ. ನಾನು ಕರೆದರೆ ಅಷ್ಟು ಸಂಭ್ರಮವಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಜ್ಜಿ ಎಂದರೆ ನನ್ನ ಅತ್ತೆ. ಕಾನಹೊಸಹಳ್ಳಿ ಕಡೆಯ ಕುರಿಗಾರರ ಮನೆಯವರು. ಅರ್ಧ ಆಯುಷ್ಯವನ್ನು ಕುರಿಗಳ ಹಿಂದೆ ಬಯಲಲ್ಲಿ ಕಳೆದವರು. ಅವರಲ್ಲಿ ಒಂದು ಪದ್ಧತಿ. ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುವಾಗ, ಹಳ್ಳ ದಾಟಿದ ಮೇಲೆ ಎಳೆಗೂಸಿನ ಪಾದವನ್ನು ನೆಲಕ್ಕೆ ಮುಟ್ಟಿಸಬೇಕು. ಆಮೇಲೆ ಸೆರಗು ಒಡ್ಡಿ, ಬಂದ ದಾರಿಯ ಕಡೆ ಮುಖ ಮಾಡಿ ಕೂಸಿನ ಹೆಸರು ಕೂಗಬೇಕು. ಸೆರಗು ಮಡಚಿ ಕೂಸಿನ ಎದೆಗೆ ಒತ್ತಬೇಕು. “ಕೂಸಿನ ಜೀವ ಕೂಸಿಗಿಂತ ಮೆಲ್ಲಕ ನಡಿತೈತವ್ವ. ಹಿಂದ ಉಳೀತೈತಿ. ಕರಕೊಂಡು ಬರಬೇಕು” ಎನ್ನುತ್ತಿದ್ದರು. ಹರಪನಹಳ್ಳಿಯಲ್ಲಿ ಬಸ್ಸಿಳಿದರೂ ಸ್ಟ್ಯಾಂಡಿನ ನಡುವೆಯೇ ಸೆರಗೊಡ್ಡಿ ನಿಲ್ಲುತ್ತಿದ್ದರು. ಜನ ನೋಡುತ್ತಾರೆಂದು ನಾನು ದೂರ ಹೋಗಿ ನಿಲ್ಲುತ್ತಿದ್ದೆ.

ವಿಮಾನದ ಮಾತು ಬಂದಾಗ ಅತ್ತೆ ಒಪ್ಪಲಿಲ್ಲ. “ಮುಗಿಲಾಗ ಅದರ ಜೀವ ಎಲ್ಲಿ ಕಾಲಿಡತೈತಿ? ನೀವಿಬ್ಬರೂ ಹೋಗಿಬರ್ರಿ, ಕೂಸು ನನ್ನ ಕೈಯಾಗ ಇರ್ಲಿ.”

“ಅವನೂ ನೋಡ್ಲಿ ಬಿಡ್ರಿ ಅತ್ತಿ. ಇಳದ ಮ್ಯಾಲ ನೀವು ಎಷ್ಟು ಬೇಕಾದ್ರೂ ಕೂಗ್ರಿ” ಎಂದು ನಾನು ನಕ್ಕೆ.

ಬೆಳಗ್ಗೆ ಬಿಸಿಲೇರುವ ಮುಂಚೆ ಹತ್ತಿದೆವು. ಮೈಲಾರಿ ನನ್ನ ತೊಡೆಯ ಮೇಲೆ, ಪಕ್ಕದಲ್ಲಿ ನಮ್ಮ ಮನೆಯವರು. ಕೂಸಿಗೆ ಹೆದರಿಕೆಯೇ ಇರಲಿಲ್ಲ. ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೇಕೆ ಹಾಕುತ್ತಿದ್ದ. ಹತ್ತಿ ಹೊಲ, ಗುಡ್ಡ, ಕೆಂಪು ದಾರಿ, ಎಲ್ಲ ಕೆಳಗೆ ಸಣ್ಣಗಾದವು. ನಾವು ಗುಡ್ಡದ ಆಚೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಮೈಲಾರಿ ಥಟ್ಟನೆ ಸುಮ್ಮನಾದ. ಯಾರೋ ಕರೆದ ಹಾಗೆ ಕಿಟಕಿಯ ಕಡೆ, ಕೆಳಕ್ಕೆ ತಿರುಗಿದ. ಹೂಂ ಎಂದ. ಆ ಯಂತ್ರದ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ, ಆದರೆ ಅವನ ಎದೆ ನನ್ನ ಅಂಗೈಯಲ್ಲಿತ್ತು, ಆ ದನಿ ಕೈಗೆ ತಿಳಿಯಿತು. ಎರಡೂ ಕಾಲು ಜೋರಾಗಿ ಒದ್ದ. ಆಮೇಲೆ ನನ್ನ ಬೆರಳನ್ನು ಬಿಟ್ಟುಬಿಟ್ಟ. ನಿದ್ದೆ ಬಂತೇನೋ ಎಂದು ಮುಖ ನೋಡಿದೆ. ಕಣ್ಣು ತೆರೆದೇ ಇದ್ದವು.

ಇಳಿದಾಗ ಓಡಿ ಬರಬೇಕಾದ ಅತ್ತೆ ಬರಲಿಲ್ಲ. ದೂರದಲ್ಲಿ ಜಾಲಿ ಮರದ ಬುಡಕ್ಕೆ ಕುಸಿದು ಕೂತಿದ್ದರು, ಮುಖದಲ್ಲಿ ಕಳೆಯೇ ಇಲ್ಲ. ಏನಾಯಿತೆಂದು ನಮ್ಮ ಮನೆಯವರು ಕೇಳಿದ್ದಕ್ಕೆ, “ನಾ ಆಗಲೇ ಕೂಗಿಬಿಟ್ಟೆನೋ ಯಪ್ಪ” ಎಂದರು. ನಮ್ಮ ವಿಮಾನ ಗುಡ್ಡದ ಆಚೆ ಇದ್ದಾಗ, ಔಷಧಿ ಹೊಡೆಯುವ ವಿಮಾನ ಮತ್ತೆ ಔಷಧಿ ತುಂಬಿಕೊಳ್ಳಲು ಇಳಿದಿತ್ತು. ಅದೇ ನಮ್ಮದೆಂದು ಅತ್ತೆ ಹೋಗಿದ್ದರು. ನಾನು ಇಳಿದು ಬಂದರೆ ನಗುತ್ತೇನೆಂದು, ಅದಕ್ಕೂ ಮುಂಚೆ ಕೆಲಸ ಮುಗಿಸಿಬಿಡೋಣವೆಂದು, ಧೂಳಿನಲ್ಲಿಯೇ ಸೆರಗೊಡ್ಡಿ ಕೂಗಿದ್ದರು. ಕೂಸಿನ ಪಾದ ಇನ್ನೂ ನೆಲ ಮುಟ್ಟಿರಲಿಲ್ಲ.

ನಾವಿಬ್ಬರೂ ಸಮಾಧಾನ ಹೇಳಿದೆವು. ಅತ್ತೆ ಎದ್ದು, ಮೈಲಾರಿಯ ಪಾದವನ್ನು ಮಣ್ಣಿಗೆ ಮುಟ್ಟಿಸಿ, ಮತ್ತೆ ಸೆರಗೊಡ್ಡಿ ಕೂಗಿದರು. ಮೈಲಾರಿ ತಿರುಗಲಿಲ್ಲ. ಅವತ್ತಿನಿಂದ ಅವನು ಯಾರ ಕರೆಗೂ ತಿರುಗಲಿಲ್ಲ. ಹಸಿವಾದರೆ ಅಳಲಿಲ್ಲ, ಕಾಲು ಒದೆಯಲಿಲ್ಲ. ಬಾಯಿಗಿಟ್ಟರೆ ಹಾಲು ಕುಡಿಯುತ್ತಿದ್ದ, ತೆಗೆದರೆ ಬಿಡುತ್ತಿದ್ದ. ದಿನದಿಂದ ದಿನಕ್ಕೆ ತೊಟ್ಟಿಲು ಹಗುರಾಗುತ್ತಾ ಬಂತು. ಹರಪನಹಳ್ಳಿಯಲ್ಲಿ ತೋರಿಸಿದೆವು. ದಾವಣಗೆರೆಗೆ ಕರೆದುಕೊಂಡು ಹೋದೆವು. ಕಿವಿ ಸರಿಯಾಗಿದೆ, ಹೃದಯದಲ್ಲಿ ಹುಟ್ಟಿನಿಂದಲೇ ಏನೋ ಊನವಿರಬೇಕು, ವಿಮಾನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಹಿಡಿದುಕೊಂಡೂ ಒಂದು ದಿನ ಆ ಬಯಲಿಗೆ ಹೋದೆ. ವಿಮಾನಗಳು ಹೋಗಿಯಾಗಿತ್ತು, ಸುಣ್ಣದ ಗೆರೆ ಅಳಿಸಿತ್ತು. ಅತ್ತೆ ಕೂಸನ್ನೆತ್ತಿಕೊಂಡು ನಿಂತರು. ವಿಜ್ಞಾನದ ಟೀಚರಾದ ನಾನು ಸೆರಗೊಡ್ಡಿ ಗಂಟಲು ಕಟ್ಟುವವರೆಗೆ ಕೂಗಿದೆ. ಕುರಿ ಮೇಯಿಸುವವರು ನಿಂತು ನೋಡಿದರು. ಏನೂ ಬರಲಿಲ್ಲ.

ಹತ್ತಿ ಬಿಡಿಸುವುದು ಮುಗಿಯುವ ಮುಂಚೆಯೇ ನನ್ನ ಮಗ ಹೋದ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಮಗ ಹೋದ ದುಃಖ ಕಾಲ ಕಳೆದಂತೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಕಡಿಮೆಯಾಗಿಲ್ಲ. ಅತ್ತೆ ಮತ್ತು ನಾನು ಒಂದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತೆವು, ಆ ಬೆಳಗಿನ ಮಾತು ಮಾತ್ರ ಎತ್ತಲಿಲ್ಲ.

ಅವರು ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು. “ನಾ ಕೂಗಿದಾಗ ಬಂದಿತ್ತವ್ವ. ಸೆರಗಿನ್ಯಾಗ ಏನೂ ಕಾಣಲಿಲ್ಲ, ಆದ್ರ ಕೂಸಿನ ತೂಕ ಇತ್ತು. ಅಷ್ಟರಾಗ ಗುಡ್ಡದ ಮ್ಯಾಲ ನಿಮ್ಮ ಇಮಾನ ಕಾಣ್ತು. ನೀವಿನ್ನೂ ಮ್ಯಾಲದೀರಿ, ಹಂಗಾರ ಇದ್ಯಾವುದು ಬಂತು ಅಂತ ಹೆದರಿಬಿಟ್ಟೆ. ಸೆರಗು ಝಾಡಿಸಿಬಿಟ್ಟೆ.”

ನಾನು ಅವರ ಕೈ ಹಿಡಿದುಕೊಂಡೆ. “ಅದು ಇಮಾನದ ಗಾಳ್ರಿ ಅತ್ತಿ. ಗಾಳಿ ತುಂಬಿ ಸೆರಗು ಜಗ್ಗಿರತೈತಿ.”

“ಗಾಳಿ ಅಲ್ಲವ್ವ” ಎಂದರು. “ಸೆರಗು ತೊಯ್ದಿತ್ತು. ಕೂಸು ಉಚ್ಚಿ ಹೊಯ್ದಂಗ. ಮನಿಗೆ ಬಂದು ನಾನೇ ಹಿಂಡಿ ಒಣಗಾಕಿದೆ.”

ವಿಮಾನಕ್ಕೆ ಔಷಧಿ ತುಂಬುವ ಜಾಗದಲ್ಲಿ ನೀರಿನ ಪೀಪಾಯಿಗಳಿದ್ದವು, ಅಲ್ಲೆಲ್ಲೋ ತೊಯ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ನಾನು ಇನ್ನೂ ಹೇಳಿಕೊಳ್ಳುತ್ತಲೇ ಇದ್ದೇನೆ.