ಶನಿವಾರದ ತುಕ್ಕು

ಮೊನ್ನೆ ಅಟ್ಟೂರಿನ ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. ಸಕ್ಕರೆ ಕಾಯಿಲೆ ನನ್ನದು. ನಮ್ಮ ಮನೆಯವರು ಜೊತೆಗೆ ಬಂದವರು, ಅಷ್ಟೆ. ಲ್ಯಾಬಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿಯ ಕಡೆ ನೋಡಬೇಕಾದ ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಥೈರಾಯ್ಡ್ ಚಿತ್ರವನ್ನು ನಾಳೆ ಪರೀಕ್ಷೆ ಇರುವವರ ಹಾಗೆ ಓದುತ್ತಿದ್ದರು.

"ಯಾಕ್ ಮೇಡಂ, ಆ ಕಡೆ ತಿರ್ಗಿಬಿಟ್ರಿ? ಭಯಾನಾ?" ಎಂದಳು ಹುಡುಗಿ.

"ಸೂಜಿಗೆ ಅಲ್ಲಮ್ಮ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಅರ್ಥವಾಗಬೇಕಾದರೆ ಕೆಲವು ವರ್ಷ ಹಿಂದಕ್ಕೆ, ವಿದ್ಯಾರಣ್ಯಪುರದಲ್ಲಿ ನಾವಿದ್ದ ಬಾಡಿಗೆ ಮನೆಗೆ ಬರಬೇಕು.

ಅನುಮಾನ ನನಗೆ ಹುಟ್ಟುಗುಣ. ಹಾಲಿನ ಪಾಕೀಟು ಕತ್ತರಿಸಿದರೆ ಮೊದಲು ಮೂಸುತ್ತೇನೆ, ಆಮೇಲೆ ಒಲೆಯ ಮೇಲಿಡುತ್ತೇನೆ. ತೊಗರಿಬೇಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯದೆ ಡಬ್ಬಿಗೆ ಸುರಿದವಳಲ್ಲ. ನಮ್ಮತ್ತೆಯಂತೂ ನೆಂಟರ ಮುಂದೆಯೇ, "ಇವಳು ದೇವರ ತೀರ್ಥಾನೂ ಮೂಸಿ ಕುಡೀತಾಳೆ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಗಂಡನ ಮೇಲಿನ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಅವರೇ ಸಂಪಾದಿಸಿಕೊಟ್ಟರು.

ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅವರು ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಶಿಫ್ಟ್ ಮುಗಿಸಿ ಸ್ನೇಹಿತರ ಜೊತೆ ಯಾವಾಗಲೋ ಒಮ್ಮೆ ಎಂದು ಶುರುವಾದ ಕುಡಿತ ದಿನವೂ ಆಯಿತು. ಅತ್ತೆ ಹಾಸಿಗೆ ಹಿಡಿದಿದ್ದ ವರ್ಷ, ಬೆನ್ನು ಹುಣ್ಣಾಗದಿರಲೆಂದು ನಾನು ಅವರಿಗೆ ಸ್ಪಿರಿಟ್ ಹಚ್ಚಿ ಪೌಡರ್ ಹಾಕುತ್ತಿದ್ದೆ. ಚುನಾವಣೆಯೆಂದು ವೈನ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ದಿನ ಆ ಬಾಟಲಿ ಖಾಲಿಯಾಯಿತು. "ಕೈ ತಾಗಿ ಚೆಲ್ಲೋಯ್ತು" ಎಂದರು ಇವರು. ನಾನು ಬಗ್ಗಿ ನೆಲವನ್ನೇ ಮೂಸಿದೆ. ಬೆಳಗ್ಗೆ ಒರೆಸಿದ್ದ ಫಿನಾಯಿಲ್ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಇವರ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯ ಡಾಕ್ಟರು ಇವರನ್ನು ನೋಡುತ್ತ ನನಗೆ ಹೇಳಿದರು: "ಇನ್ನೊಂದ್ ಸಲ ಕುಡಿದ್ರೆ, ದಯವಿಟ್ಟು ನನ್ನ ಹತ್ರ ಕರ್ಕೊಂಡ್ ಬರ್ಬೇಡಿ."

ಕುಡಿತ ಬಿಟ್ಟರು. ಬಿಟ್ಟರು ಎಂದು ಅವರು ಹೇಳಿದರು, ಮೂಸಿ ನೋಡಿ ನಾನೂ ಒಪ್ಪಿಕೊಂಡೆ.

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರು ರುದ್ರಪ್ಪನವರು. ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ವಿಭಾಗದಲ್ಲಿದ್ದು ನಿವೃತ್ತರಾಗಿ ಯಶವಂತಪುರದಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದರು. ಏನು ಕಾಯಿಲೆಗೆ ಬಂದಿರಿ ಎಂದರೆ "ಕಣ್ಣು" ಎಂದರು. ಕಣ್ಣಿನ ವಿಭಾಗ ಬೇರೆ ಮಹಡಿಯಲ್ಲಿತ್ತು. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮುಂದಿನ ಶನಿವಾರ ಮಧ್ಯಾಹ್ನ ರುದ್ರಪ್ಪನವರು ಹೆಗಲಿಗೆ ರೆಕ್ಸಿನ್ ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದರು. ಇಬ್ಬರೂ ಅತ್ತೆಯ ರೂಮು ಸೇರಿ ಬಾಗಿಲು ಹಾಕಿಕೊಂಡರು. ಅದರ ಮುಂದಿನ ಶನಿವಾರವೂ ಹಾಗೇ. ಒಳಗೆ ನಡೆಯುತ್ತಿದ್ದುದು ಏನೆಂದರೆ ಪುಟ್ಟ ರೈಲು ವ್ಯಾಗನ್ನುಗಳ ತಯಾರಿ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಕೆಳಗೆ ಚಕ್ರ ಕೂರಿಸಿ, ಅಂಗೈ ಮೇಲೆ ಹಿಡಿಸುವಂಥ ಗಾಡಿ. ಅದೂ ಜನ ಕೂರುವ ಗಾಡಿಯಲ್ಲ. ಹಳಿಯ ಮೇಲೆ ಜಲ್ಲಿ ಸುರಿಯುವುದು, ಹಳಿಗಳನ್ನೇ ಹೊತ್ತೊಯ್ಯುವ ಚಪ್ಪಟೆಯದು, ಕ್ರೇನಿನ ಮೂತಿಗೆ ಆಸರೆಯಾಗಿ ಹೋಗುವುದು, ಹಳಿ ರಿಪೇರಿಯ ಗ್ಯಾಂಗಿನವರು ಅಡಿಗೆ ಮಾಡಿಕೊಂಡು ಮಲಗುವ ಹಳೇ ಬೋಗಿ, ಇಂಥವು.

"ಇದ್ಯಾಕೆ? ಚೆನ್ನಾಗಿರೋ ರೈಲೇ ಮಾಡಬಾರದಾ?" ಎಂದೆ ಒಮ್ಮೆ.

"ತಂಗಿ, ಪ್ಯಾಸೆಂಜರ್ ಗಾಡಿ ಎಲ್ಲಾರೂ ಮಾಡ್ತಾರ" ಎಂದರು ರುದ್ರಪ್ಪನವರು. "ಆ ಗಾಡಿ ಓಡಾಕ ಹಾದಿ ಮಾಡಿಕೊಟ್ಟ ಗಾಡಿ ಯಾರ ಕಣ್ಣಿಗೂ ಬೀಳಂಗಿಲ್ಲ. ಅದಕ್ಕ ನಾವ್ ಮಾಡೂದು."

ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ. ಜೊತೆಗೆ ನನ್ನ ಅಡಿಗೆಮನೆಯಿಂದ ಸಾಮಾನು ಕಾಣೆಯಾಗತೊಡಗಿದವು. ಟೀ ಸೋಸುವ ಜಾಲರಿ ಹೋಯಿತು, ಕಲ್ಲುಪ್ಪು ಕಮ್ಮಿಯಾಯಿತು, ತುಳಸಿಕಟ್ಟೆಯ ಮೂಲೆಯ ಇಟ್ಟಿಗೆಯನ್ನು ಯಾರೋ ಹೆರೆದಿದ್ದರು. ಮದುವೆ ಮನೆಗಳಿಗೆ ಹೋಗುವಾಗ ಮಾತ್ರ ತೆಗೆಯುತ್ತಿದ್ದ ನನ್ನ ಪೌಡರ್ ಬ್ರಷ್ಷಿನ ತುದಿಯಲ್ಲಿ ಒಂದು ದಿನ ತುಕ್ಕಿನ ಬಣ್ಣ ಕಂಡಿತು. ಇವೆಲ್ಲ ಹೋಗಲಿ ಎನ್ನಬಹುದು. ಆದರೆ ಶನಿವಾರ ಸಂಜೆ ಆ ರೂಮಿನ ಬಾಗಿಲ ಸಂದಿಯಿಂದ ಸ್ಪಿರಿಟ್ ವಾಸನೆ ಬರುತ್ತಿತ್ತು.

"ಏನ್ರೀ ಅದು ವಾಸನೆ?"

"ಬಣ್ಣ ಕಣೇ."

"ಬಣ್ಣಕ್ಕೆ ಬಾಗಿಲು ಯಾಕೆ ಹಾಕ್ಬೇಕು?"

"ಪುಡಿ ಹಾರತ್ತೆ."

ಭಾನುವಾರ ಅವರು ತರಕಾರಿಗೆ ಹೋದಾಗ ರೂಮನ್ನು ಜಾಲಾಡಿದೆ. ಕಪ್ಪು ಇಂಕು ಇತ್ತು, ಬ್ರಷ್ಷುಗಳಿದ್ದವು, ಅಂಟು, ಇಟ್ಟಿಗೆ ಪುಡಿ, ನನ್ನ ಜಾಲರಿ ಎಲ್ಲ ಇದ್ದವು. ಸ್ಪಿರಿಟ್ ಬಾಟಲಿ ಮಾತ್ರ ಇಲ್ಲ. ನೀವೇ ಹೇಳಿ, ಬಣ್ಣದ ಕೆಲಸಕ್ಕೇ ತಂದದ್ದಾದರೆ ಅದು ಬಣ್ಣದ ಪಕ್ಕದಲ್ಲೇ ತಾನೇ ಇರಬೇಕು? ಇಲ್ಲದ ಬಾಟಲಿಯ ವಾಸನೆ ವಾರವಾರ ಬರುತ್ತದೆ ಎಂದರೆ ಅರ್ಥವೇನು? ಎದುರು ಮನೆಯ ಶಾರದಮ್ಮನವರ ಹತ್ತಿರ ಬಾಯಿಬಿಟ್ಟೆ. ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಅಲ್ಲಾ ಕಣ್ರೀ, ಐವತ್ತು ಅರವತ್ತರ ಗಂಡಸ್ರು ಬಾಗ್ಲು ಹಾಕ್ಕೊಂಡು ಆಟದ ರೈಲು ಮಾಡ್ತಾರೆ ಅಂತ ನಂಬ್ಕೊಂಡು ಕಾಫಿ ಬೇರೆ ಕೊಡ್ತಿದ್ದೀರಲ್ಲ ನೀವು!"

ಕಾಫಿ ಕೊಡುವುದನ್ನು ನಾನು ನಿಲ್ಲಿಸಲಿಲ್ಲ. ಬಾಗಿಲು ತಟ್ಟಲು ನನಗಿದ್ದ ನೆಪ ಅದೊಂದೇ. ತಟ್ಟಿದಾಗಲೆಲ್ಲ ಒಳಗೆ ಚೀಲದ ಜಿಪ್ ಎಳೆದ ಸದ್ದು ಕೇಳುತ್ತಿತ್ತು.

ಹೀಗಿರುವಾಗ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ಯಾವ ಸಾಮಾನೂ ಕೊಳೆಯಾಗಿರಕೂಡದು. ಸ್ಕೂಟರು, ಹೊಲಿಗೆ ಮಿಷನ್ನು, ಈಳಿಗೆಮಣೆ, ಸುತ್ತಿಗೆ, ಎಲ್ಲಕ್ಕೂ ಸ್ನಾನ. ಇವರು ಕಾರ್ಖಾನೆಯ ಪೂಜೆಗೆ ಹೋಗಿದ್ದರು. ರೂಮು ಗುಡಿಸಲು ಹೋದವಳಿಗೆ ಮೇಜಿನ ಮೇಲೆ ಸಾಲಾಗಿ ನಿಂತ ವ್ಯಾಗನ್ನುಗಳು ಕಂಡವು. ಎಂಥ ಅವತಾರ ಅಂತೀರಿ! ತುಕ್ಕು, ಮಸಿ, ಧೂಳು, ಎಣ್ಣೆ ಕಲೆ, ಹಬ್ಬದ ದಿನ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಚಕ್ರ ಇದೆಯೆಂದ ಮೇಲೆ ವಾಹನವೇ. ಬಚ್ಚಲಿಗೆ ಒಯ್ದು, ಪಾತ್ರೆ ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತಿಕ್ಕಿದೆ. ಕೆಂಪುನೀರು ಹೋಗಿದ್ದೇ ಹೋಗಿದ್ದು. ಒರೆಸಿ, ಅರಿಶಿನ ಕುಂಕುಮ ಇಟ್ಟು, ಒಂದೊಂದರ ಮೇಲೂ ಒಂದೊಂದು ಸೇವಂತಿಗೆ ಎಸಳು ಇಟ್ಟೆ.

ಇವರು ಕಡಲೆಪುರಿಯ ಪೊಟ್ಟಣ ಹಿಡಿದು ಬಂದರು. ನೋಡಿದರು. ಒಂದನ್ನು ಎತ್ತಿ, ತಿರುಗಿಸಿ, ಮೈಮೇಲೆ ಬೆರಳಾಡಿಸಿದರು. "ಚೆನ್ನಾಗಿದೆ" ಎಂದು ಕೈಕಾಲು ತೊಳೆಯಲು ಹೋದರು.

ಅವರು ಕೂಗಾಡಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಆ ಕೊಳೆ ಅವರೇ ಬೇಕೆಂದು ಬಳಿದದ್ದೆಂದು ನನಗೆ ಆಗ ಹೊಳೆಯಿತು; ತಿಂಗಳುಗಟ್ಟಲೆಯ ಕೆಲಸ ನೀರಿನಲ್ಲಿ ಹೋದರೂ ಮಾತಾಡದ ಗಂಡಸು ಇನ್ನೇನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ ಹಾಕಿದೆ.

ಶನಿವಾರ ರುದ್ರಪ್ಪನವರು ಬಂದು ನೋಡಿ, ಕುರ್ಚಿ ಹಿಡಿದುಕೊಂಡು ನಕ್ಕರು. "ಸಾಹೇಬ್ರ, ರೈಲ್ವೆದವ್ರು ಸುದ್ದಾ ನಮ್ಮ ವ್ಯಾಗನ್ ಹಿಂಗ ಎಂದೂ ತೊಳದಿಲ್ಲ ನೋಡ್ರಿ! ತಂಗಿ, ಹೋದ ಕೊಳಿ ಹೋತು. ಇನ್ನ ನೀವೂ ಒಳಗ ಬಂದು ಕುಂದರ್ರಿ. ಎಲ್ಲಿ ಕೊಳಿ ಕುಂದರ್ತೈತಿ ಅನ್ನೂದು ತಿಕ್ಕಿದವರಿಗೇ ಗೊತ್ತಿರ್ತೈತಿ."

ಗೂಢಚಾರಳಿಗೆ ಆಹ್ವಾನ ಕೊಟ್ಟಂತಾಯಿತು. ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಕೂತೆ. ಆವಾಗಲೇ ಆ ಬಾಟಲಿಯನ್ನು ಕಣ್ಣಾರೆ ಕಂಡದ್ದು. ರುದ್ರಪ್ಪನವರ ಚೀಲದಿಂದ, ಟವೆಲ್ಲಿನಲ್ಲಿ ಸುತ್ತಿಕೊಂಡು, ಬಂತು. ಮುಚ್ಚಳದಷ್ಟು ಸ್ಪಿರಿಟ್ ಸುರಿದು ಅದಕ್ಕೆ ಎರಡು ಹನಿ ಇಂಕು ಬೆರೆಸಿದರು. ಬಾಟಲಿ ಮತ್ತೆ ಟವೆಲ್ಲಿಗೆ, ಟವೆಲ್ಲು ಚೀಲಕ್ಕೆ ಹೋಯಿತು, ಜಿಪ್ ಎಳೆದದ್ದಾಯಿತು. ನಮ್ಮವರು ಆ ಕಪ್ಪುನೀರನ್ನು ವ್ಯಾಗನ್ನಿನ ಮೈಮೇಲೆ ಹರಿಸಿದರು. ಸ್ಪಿರಿಟ್ ಆರಿಹೋಗಿ ಕಪ್ಪು ಮಾತ್ರ ಮೂಲೆಗಳಲ್ಲಿ, ರಿವೆಟ್ಟುಗಳ ಸುತ್ತ ನಿಂತಿತು. ಹೊಸ ಗಾಡಿ ನನ್ನ ಕಣ್ಣೆದುರೇ ಮುದಿಯಾಯಿತು. ಒದ್ದೆ ಬಣ್ಣದ ಮೇಲೆ ನನ್ನ ಕಲ್ಲುಪ್ಪು ಉದುರಿಸಿ, ಒಣಗಿದ ಮೇಲೆ ಉಜ್ಜಿದರೆ ಬಣ್ಣ ಎದ್ದುಹೋದ ಹಾಗೆ ಕಾಣುತ್ತಿತ್ತು.

"ಹೆಂಗಿದೆ?" ಎಂದರು ಇವರು.

"ಸುಳ್ಳು" ಎಂದೆ. "ಎಲ್ಲಾ ಕಡೆ ಒಂದೇ ಸಮ ತುಕ್ಕು ಹಿಡಿಯತ್ತಾ? ನಮ್ಮ ಅಕ್ಕಿ ಡ್ರಮ್ಮು ನೋಡಿ, ತಳದ ಅಂಚಿಗೆ ಹಿಡಿದಿದೆ, ಹಿಡಿಯ ಕೆಳಗೆ ಹಿಡಿದಿದೆ. ನೀರು ನಿಲ್ಲೋ ಕಡೆ ತಾನೇ ಹಿಡಿಯೋದು? ಜಲ್ಲಿ ಬೀಳೋ ವ್ಯಾಗನ್ ಒಳಗಡೆ ಉಜ್ಜಿ ಉಜ್ಜಿ ಹೊಳೀಬೇಕು, ನಮ್ಮ ರುಬ್ಬೋ ಕಲ್ಲಿನ ಗುಂಡಿ ಥರ. ಅಲ್ಲೂ ತುಕ್ಕು ಬಳಿದಿದ್ದೀರಲ್ಲ!"

ರುದ್ರಪ್ಪನವರು ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ನಾನು ಪರೀಕ್ಷಕಿಯಾದೆ. ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಜಂಬದ ಹಿಂದೆಯೇ ಒಂದು ಯೋಚನೆ ಹೊಕ್ಕಿತು. ನಿನ್ನೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಇಪ್ಪತ್ತು ವರ್ಷ ಮಳೆಯಲ್ಲಿ ನೆನೆದ ಕಬ್ಬಿಣದಂತೆ ತೋರಿಸಬಲ್ಲವರು ಇವರು. ಇಲ್ಲದ ಕೊಳೆಯನ್ನು ಇಷ್ಟು ನಂಬುವ ಹಾಗೆ ಮಾಡುವ ಕೈಗೆ, ಇರುವ ಕೊಳೆಯನ್ನು ಕಾಣದ ಹಾಗೆ ಮಾಡುವುದು ಕಷ್ಟವೇ? ಸ್ಪಿರಿಟ್ಟಿನ ಕೆಲಸ ಮಾಡಿದ ಮೇಲೆ ಮೈಯೆಲ್ಲ ಸ್ಪಿರಿಟ್ ವಾಸನೆಯೇ. ನನ್ನ ಮೂಗಿಗೆ ಇನ್ನು ಏನು ಬೆಲೆ? ಇದಕ್ಕಿಂತ ಒಳ್ಳೆಯ ಮರೆ ಕುಡಿಯುವವನಿಗೆ ಸಿಕ್ಕೀತೇ?

"ಬಾಟಲಿ ಇಲ್ಲೇ ಇಟ್ಟು ಹೋಗಿ, ಪ್ರತಿ ಸಲ ಯಾಕೆ ಹೊರ್ತೀರ?" ಎಂದು ಬಲೆ ಬೀಸಿದೆ.

ರುದ್ರಪ್ಪನವರು ಇವರನ್ನು ನೋಡಿದರು. ಇವರು ವ್ಯಾಗನ್ನನ್ನು ನೋಡಿದರು. "ಇರ್ಲಿ ತಂಗಿ, ರೂಢಿ ಆಗೇತಿ" ಎಂದರು ಅವರು. ಸಂಜೆ ಎಂದಿನಂತೆ ಇಬ್ಬರೂ ಬಸ್ ಸ್ಟಾಪಿನವರೆಗೆ ಜೊತೆಯಾಗಿ ಹೋದರು. ಹೋಗಿ ಬರಲು ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಎಂದು ನನಗನಿಸಿತು. ಅಲ್ಲಿಗೆ ಎಲ್ಲ ತಿಳಿಯಾಯಿತು, ಕುಡಿಯುವುದು ಮನೆಯಲ್ಲಲ್ಲ, ದಾರಿಯಲ್ಲಿ.

ಒಂದು ಶನಿವಾರ ನಮ್ಮವರಿಗೆ ಸ್ವಲ್ಪ ಜ್ವರ. ರುದ್ರಪ್ಪನವರು ಒಬ್ಬರೇ ಹೊರಟರು. ಮೋಡ ಕವಿದಿತ್ತು, ಅವಸರದಲ್ಲಿ ಚೀಲ ಬಿಟ್ಟುಹೋದರು. ನಾನು ನೋಡಿದೆ, ಇವರೂ ನೋಡಿದರು.

"ಇರ್ಲಿ ಬಿಡಿ, ಮುಂದಿನ ವಾರ ಬರ್ತಾರಲ್ಲ" ಎಂದೆ.

ಇವರ ಮುಖದ ಬಣ್ಣ ಇಳಿಯಿತು. ಚೀಲವನ್ನು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಬೀಳುತ್ತಿದ್ದ ಹನಿಯಲ್ಲೇ ಬಸ್ ಸ್ಟಾಪಿನ ಕಡೆ ಓಡಿದರು. ಜ್ವರದ ಮನುಷ್ಯ! ನಾನು ಛತ್ರಿ ಹಿಡಿದು ಹಿಂದೆಯೇ ಹೊರಟೆ. ಛತ್ರಿ ಅವರಿಗಾಗಿ ಎಂದು ನಿಮಗೆ ಹೇಳಬಹುದು, ಆದರೆ ಹೊರಟದ್ದು ಇವರ ಕಳ್ಳತನ ಹಿಡಿಯಲಿಕ್ಕೇ.

ಸ್ಟಾಪಿನ ಸೂರಿನ ಕೆಳಗೆ ಇವರು ಚೀಲವನ್ನು ರುದ್ರಪ್ಪನವರ ಎದೆಗೆ ಒತ್ತಿ ಏದುಸಿರು ಬಿಡುತ್ತಿದ್ದರು. "ಏನ್ ಸರ್ ನೀವು, ಇದನ್ನ ಮರೆಯೋದಾ?" ಎನ್ನುತ್ತಿದ್ದರು, ಬೈಯುವ ದನಿಯಲ್ಲಿ. ನನ್ನನ್ನು ಕಂಡು ರುದ್ರಪ್ಪನವರು ಚೀಲವನ್ನು ಕಂಕುಳಿಗೆ ಸೇರಿಸಿದರು.

"ತೆಗೀರಿ ಚೀಲ" ಎಂದೆ.

ರುದ್ರಪ್ಪನವರು ತೆಗೆದು ತೋರಿಸಿದರು. ಅದೇ ಟವೆಲ್ಲು, ಅದೇ ಬಾಟಲಿ. "ತಂಗಿ, ಇಷ್ಟು ದಿನ ಹೇಳಿಲ್ಲ, ಅವರು ಹೇಳಬ್ಯಾಡ ಅಂದಿದ್ರು" ಎಂದರು. "ಇದನ್ನ ನಿಮ್ಮ ಮನ್ಯಾಗ ಒಂದ್ ರಾತ್ರಿ ಸುದ್ದಾ ಬಿಡಬಾರದು ಅಂತ ಮೊದಲನೇ ದಿನಾನ ನನ್ನ ಕಡಿಂದ ಆಣಿ ತಗೊಂಡಾರ. ನಾನರ ಏನು ಶೂರನ? ಕಣ್ಣಿನ ಬ್ಯಾನಿ ಅಂತ ನಿಮಗ ಸುಳ್ಳು ಹೇಳಿದೆ, ನಂದೂ ಅದಽ ಬ್ಯಾನಿ. ನಮ್ಮ ಮನ್ಯಾಗೂ ಇಡಂಗಿಲ್ಲ. ಕೆಳಗಿನ ಮನಿ ನರ್ಸಮ್ಮನ ಕೈಯಾಗ ಕೊಟ್ಟು ಮ್ಯಾಲೆ ಹೋಗ್ತೀನಿ."

ಇವರು ರಸ್ತೆ ನೋಡುತ್ತ ಹೇಳಿದರು: "ಅಮ್ಮನ ಬಾಟಲಿ ಚೆಲ್ಲಿರಲಿಲ್ಲ ಕಣೇ."

"ಗೊತ್ತು" ಎಂದೆ.

ಬಸ್ಸು ಬಂತು. ಛತ್ರಿಯ ಕೆಳಗೆ ಇಬ್ಬರೂ ಮನೆಗೆ ನಡೆದು ಬಂದೆವು. ದಾರಿಯಲ್ಲಿ ನನಗೆ ಒಂದು ಬಗೆಯ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗುತ್ತೀರಿ. ಇವರನ್ನು ಅನುಮಾನಿಸುವ ಕೆಲಸ ನನ್ನೊಬ್ಬಳದೇ ಎಂದುಕೊಂಡಿದ್ದೆ. ನನಗಿಂತ ಮೊದಲೇ ಎದ್ದು, ನನಗಿಂತ ಕಟ್ಟುನಿಟ್ಟಾಗಿ, ಇವರೇ ಅದನ್ನು ಮಾಡಿಕೊಂಡು ಬಂದಿದ್ದರು.

ಆಮೇಲೆ ನಾವು ಯಲಹಂಕದ ಕಡೆ ಮನೆ ಬದಲಾಯಿಸಿದೆವು. ರುದ್ರಪ್ಪನವರು ಹುಬ್ಬಳ್ಳಿಯಲ್ಲಿ ತಮ್ಮನ ಹತ್ತಿರ ಇರುತ್ತೇನೆಂದು ಹೊರಟಾಗ ಆ ಬಾಟಲಿಯನ್ನು, ಟವೆಲ್ಲಿನ ಸಮೇತ, ಇವರಿಗೆ ಕೊಡಲಿಲ್ಲ, ನನಗೆ ಕೊಟ್ಟರು. ಅದು ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ, ಬೀಗದೊಳಗೆ ಇದೆ. ಮುಗಿದರೆ ತರುವವಳೂ ನಾನೇ. ಬೀಗದ ಕೈ ಸೊಂಟದಲ್ಲಿ. ಶನಿವಾರ ಇವರು ಕೇಳುತ್ತಾರೆ, ನಾನು ಒಂದು ಮುಚ್ಚಳ ಸುರಿದು ಕೊಡುತ್ತೇನೆ, ಇಂಕು ಬೆರೆಯುವವರೆಗೆ ಪಕ್ಕದಲ್ಲೇ ನಿಲ್ಲುತ್ತೇನೆ. ಇಬ್ಬರಿಗೂ ಅದರಲ್ಲಿ ಬೇಸರವಿಲ್ಲ.

ಲ್ಯಾಬಿನಿಂದ ಬಂದ ಮೊನ್ನೆಯೂ ಶನಿವಾರವೇ. ನಾನು ಸಾರಿನ ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟಿದ್ದೆ. ಇವರು ಅಡಿಗೆಮನೆ ಬಾಗಿಲಿಗೆ ಬಂದು, "ಗ್ಯಾಂಗ್ ಬೋಗಿಗೆ ಮಸಿ ಹಚ್ಬೇಕಿತ್ತು" ಎಂದರು. ನನಗೇನನಿಸಿತೋ, ಸೊಂಟದಿಂದ ಬೀಗದ ಕೈ ತೆಗೆದು ಅವರ ಮುಂದೆ ಹಿಡಿದೆ. "ನೀವೇ ತಗೊಳ್ಳಿ, ಸೀರೆ ಹಿಂದೆ ಇದೆ." ಅದು ನಂಬಿಕೆಯೋ ಪರೀಕ್ಷೆಯೋ ನನಗೇ ಗೊತ್ತಿರಲಿಲ್ಲ; ಈಗಲೂ ಗೊತ್ತಿಲ್ಲ.

ಅವರು ಬೀಗದ ಕೈಯನ್ನು ನೋಡಿದರು, ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಿಗೆ ಒರಗಿದರು.

"ಒಗ್ಗರಣೆ ಆಗ್ಲಿ" ಎಂದರು. "ಕಾಯ್ತೀನಿ."

ನಾನು ಸಾಸಿವೆ ಹಾಕಿದೆ. ಅವಸರ ಮಾಡಲಿಲ್ಲ.