ತೆಳುಗೆರೆಯ ಅಕ್ಷರ

ಜಯಣ್ಣ, ಆ ಮದುವೆ ಕಾಗದ ಹಾಳಾದದ್ದು ನಿಮ್ಮ ಕೈಯಿಂದಲ್ಲ. ನನ್ನಿಂದ. ಗೊತ್ತಿದ್ದೂ ನಿಮ್ಮ ಮೇಲೆ ಹೊರಿಸಿದೆ, ನೀವು ಕೆಲಸ ಕಳೆದುಕೊಳ್ಳುವುದನ್ನು ನೋಡುತ್ತಾ ಕೂತೆ. ಇಷ್ಟು ಬರೆಯುವುದರೊಳಗೇ ಸಾಕುಸಾಕಾಯಿತು — ಆದರೂ ಬರೆಯುತ್ತೇನೆ.

ಕೊಪ್ಪದ ಆ ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರಿನ ಮುಂದೆ, ನೀವು ಒಳಗಡೆ ಆಫ್‌ಸೆಟ್ ಮಿಷನ್ನಿನ ಮುಂದೆ. ಆಗ ನನಗೊಂದು ಹೊಸ ಅಕ್ಷರಶೈಲಿಯ ಹುಚ್ಚು ಹಿಡಿದಿತ್ತು. ಹೊಟ್ಟೆಯ ಗೆರೆ ದಪ್ಪ, ತಲೆಕಟ್ಟು ಕೂದಲೆಳೆಯಷ್ಟು ತೆಳು, ಗೆರೆ ಮುಗಿಯುವಲ್ಲಿ ಚೂಪಾದ ಸಣ್ಣ ಚಾಚು. ದೊಡ್ಡದಾಗಿ ಹಾಕಿದರೆ — ಅಬ್ಬಾ, ಏನು ಗತ್ತು! ಪುಸ್ತಕದ ಹೊದಿಕೆಗೆ, ನುಣುಪು ಕಾಗದದ ತಲೆಬರಹಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಸಣ್ಣ ಸಾಲಿಗೆ, ಒರಟು ಕಾಗದಕ್ಕೆ ಅದು ಒಗ್ಗುವುದಿಲ್ಲ. ತೆಳುಗೆರೆ ನಿಲ್ಲುವುದೇ ಇಲ್ಲ. ಇದು ನನಗೆ ತಿಳಿದಿತ್ತು. ತಿಳಿದೂ —

ಕಿಗ್ಗದ ಕಡೆಯ ದೊಡ್ಡ ಮನೆಯೊಂದರ ಮದುವೆ. ಅವರು ಆರಿಸಿದ್ದು ತರಿತರಿಯಾದ, ಕೈಯಲ್ಲಿ ಮಾಡಿದಂಥ ದುಬಾರಿ ಕಾಗದ. ನಾನು ಅದರ ತುಂಬ ಅದೇ ಅಕ್ಷರ ಸುರಿದೆ. ಹುಡುಗಿಯ ಹೆಸರು ಸಹನಾ. ಆ ಹೆಸರು, ಅಪ್ಪ ಅಮ್ಮನ ಹೆಸರು, ಮುಹೂರ್ತ, ಎಲ್ಲವೂ ಅದರಲ್ಲೇ. ಮನೆಯವರಿಗೆ ತೋರಿಸಿದ್ದು ಮಾತ್ರ ನುಣುಪು ಹಾಳೆಯ ಮೇಲೆ ತೆಗೆದ ಪ್ರಿಂಟು. ಅವರು ಹೊಗಳಿದರು, ನಾನು ಉಬ್ಬಿದೆ.

ಮೊದಲ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಡಬೇಕಲ್ಲ. ಹಚ್ಚಲು ಕೂತ ಹುಡುಗಿಯ ಅಜ್ಜಿ ಕೈ ಹಿಂದಕ್ಕೆ ತೆಗೆದರಂತೆ. ತಲೆಕಟ್ಟುಗಳೆಲ್ಲ ಮಾಯವಾಗಿ ಅಕ್ಷರಗಳು ಚೂರುಚೂರಾಗಿ ಬಿದ್ದಿದ್ದವು. ಹುಡುಗಿಯ ಅಪ್ಪ ಇಡೀ ಕಟ್ಟನ್ನು ತಂದು ಮೇಜಿನ ಮೇಲೆ ಕುಕ್ಕಿದರು.

"ನಮ್ಮಮ್ಮ ಅಳ್ತಾ ಕೂತಿದಾರೆ. ಕೂಸಿನ ಹೆಸರೇ ತುಂಡು ತುಂಡು! ಇದನ್ನ ದೇವರ ಮುಂದೆ ಹೆಂಗೆ ಇಡೋದು ಮಾರಾಯ್ರೆ?"

ಪ್ರೆಸ್ಸಿನ ಯಜಮಾನರು ನನ್ನತ್ತ ತಿರುಗಿದರು. ಹೆದರಿದೆ — ಹೆದರಿಕೆಗಿಂತ ಹೆಚ್ಚಾಗಿ, ನನ್ನ ಅಕ್ಷರಕ್ಕೆ ಕೆಟ್ಟ ಹೆಸರು ಬರುವುದು ಬೇಡವಾಗಿತ್ತು.

"ಜಯಣ್ಣ ಇಂಕ್ ಕಮ್ಮಿ ಬಿಟ್ಟಿದಾರೆ."

ನೀವು ಬಾಗಿಲಲ್ಲಿ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಿರಿ. ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡಿ ನಿಮ್ಮನ್ನು ಕಳಿಸಿದರು. ಶೃಂಗೇರಿಯಲ್ಲಿ, ನರಸಿಂಹರಾಜಪುರದಲ್ಲಿ ಕೆಲಸ ಕೇಳಿಕೊಂಡು ಹೋದಿರಂತೆ. ನಮ್ಮ ಕಡೆ ಪ್ರೆಸ್ಸುಗಳಾದರೂ ಎಷ್ಟಿವೆ, ನಿಮಗಿಂತ ಮೊದಲೇ ಸುದ್ದಿ ತಲುಪಿತ್ತು. "ಅವನ ಕೈ ಕೆಟ್ಟಿದೆ" — ಅಷ್ಟೇ ಸಾಕಾಯಿತು. ನಾನು ಅದೇ ಕುರ್ಚಿಯಲ್ಲಿ ಮುಂದುವರಿದೆ. ಆ ಅಕ್ಷರವನ್ನು ಮತ್ತೆಂದೂ ಸಣ್ಣ ಸಾಲಿಗೆ ಹಾಕಲಿಲ್ಲ, ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಕಳೆದ ತಿಂಗಳು ನರಸಿಂಹರಾಜಪುರದ ಕಲ್ಯಾಣ ಮಂಟಪಕ್ಕೆ ನಾನು ಮದುವೆ ಊಟಕ್ಕೆ ಬಂದಾಗ ನೀವು ಅಲ್ಲಿ ಕುರ್ಚಿ ಜೋಡಿಸುತ್ತಿದ್ದಿರಿ. ತಪ್ಪಿಸಿಕೊಂಡು ಹೋಗುವವನಿದ್ದೆ, ನೀವೇ ಕರೆದಿರಿ. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೀವು —

"ಆವತ್ತು ನಾನೇ ಸರೀ ನೋಡ್ಬೇಕಿತ್ತು ಮಾರಾಯ. ಕಣ್ಣು ಮಂಜಾಗಿತ್ತೋ ಏನೋ, ಇಂಕ್ ಕಮ್ಮಿಯಾಗಿದ್ದು ಗೊತ್ತೇ ಆಗ್ಲಿಲ್ಲ. ನಿಂಗೂ ಸುಮ್ನೆ ಬೈಗುಳ ತಿನ್ಸಿದೆ. ಬೇಜಾರು ಇಟ್ಕೋಬೇಡ."

ಇಷ್ಟು ವರ್ಷ ನೀವು ಅದನ್ನು ನಂಬಿಕೊಂಡೇ ಬದುಕಿದ್ದಿರಿ. ನನ್ನ ಸುಳ್ಳನ್ನು.

"ಇರ್ಲಿ ಬಿಡಿ ಜಯಣ್ಣ, ಆಗಿದ್ದು ಆಗಿಹೋಯ್ತು" ಎಂದೆ.

ಹೌದು. ನಾನು ನಿಮ್ಮನ್ನು ಕ್ಷಮಿಸಿ ಬಂದೆ.