ಕುಂಕುಮ ಹಚ್ಚಿದ ಬ್ಯಾಂಕ್ ಪತ್ರ

ಹೊರದೇಶದ ಕಾಲೇಜಿನವರು ನನಗೆ ಸೀಟು ಕೊಟ್ಟಿದ್ದರು, ಫೀಸಿನಲ್ಲಿ ಬಹುಪಾಲು ಮಾಫಿ ಮಾಡಿದ್ದರು. ಉಳಿದ ಖರ್ಚು ಹೊರುವವರು ಯಾರು, ಅವರ ಖಾತೆಯಲ್ಲಿ ಎಷ್ಟಿದೆ ಎಂದು ಬ್ಯಾಂಕಿನಿಂದ ಬರೆಸಿ ಶುಕ್ರವಾರದೊಳಗೆ ಕಳಿಸಬೇಕಿತ್ತು. ಕೊಟ್ಟೂರಿನಲ್ಲಿ ಅಪ್ಪನದು ಶೇಂಗಾ ವ್ಯಾಪಾರ. ದುಡ್ಡು ಕೈಯಿಂದ ಕೈಗೆ ಓಡಾಡುತ್ತಿತ್ತೇ ಹೊರತು ಖಾತೆಯಲ್ಲಿ ನಿಲ್ಲುತ್ತಿರಲಿಲ್ಲ. ಅಪ್ಪ ಖರ್ಚು ಹೊಂದಿಸಬಲ್ಲವನಾಗಿದ್ದ, ತೋರಿಸಬಲ್ಲವನಾಗಿರಲಿಲ್ಲ.

"ತೋರ್ಸಾಕೇನು, ನನ್ನ ಖಾತಿ ತೋರಿಸ್ರಿ" ಎಂದ ನನ್ನ ಸೋದರಮಾವ. ಹಗರಿಬೊಮ್ಮನಹಳ್ಳಿಯಲ್ಲಿ ಅವನದು ಗೊಬ್ಬರದ ಅಂಗಡಿ. ದೇವರಂಥ ಮನುಷ್ಯ ಅಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ಬುಧವಾರ ಪತ್ರ ತರಲು ಅವ್ವನೂ ನಾನೂ ಹೋದೆವು. ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಖಣ. ದೂರ ಹೋಗುವ ಹುಡುಗಿಯನ್ನು ಹರಸುತ್ತಿದ್ದಾರೆಂದು ಅವ್ವ ಕಣ್ಣೊರೆಸಿಕೊಂಡಳು. ಪೆದ್ದಿಯಂತೆ ನಾನೂ ದುಪಟ್ಟಾ ಒಡ್ಡಿದೆ. ಅಷ್ಟರಲ್ಲಿ ಮಾವನ ಮಗ ಹೊಸ ಅಂಗಿ ತೊಟ್ಟು ನನ್ನ ಪಕ್ಕಕ್ಕೇ ಬಂದು ಕೂತ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು.

"ಇದೇನಣ್ಣ?" ಎಂದಳು ಅವ್ವ.

"ಮಾತು ಮುಗಿಸಿಬಿಡೋಣವ್ವಾ. ಓದ್ಕಂಡು ಬರ್ಲಿ, ಆಮ್ಯಾಲೆ ಲಗ್ನ. ಹೊರಗಿನ ಮನಿ ಸೇರೋ ಹುಡುಗಿಗೆ ನಾನ್ಯಾಕ ಸಹಿ ಹಾಕ್ಲಿ?"

ಮಾವ ಬ್ಯಾಂಕಿನ ಪತ್ರವನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದ. ಸಾಲದ್ದಕ್ಕೆ ಅದರ ಮೂಲೆಗೆ ಕುಂಕುಮ ಬೇರೆ ಹಚ್ಚಿದ್ದರು. ಮಗ ಹಲ್ಲು ಕಿರಿದು, "ಅಲ್ಲಿಂದ ದಿನಾ ವಿಡಿಯೋ ಕಾಲ್ ಮಾಡ್ಬೇಕು ನೋಡು" ಎಂದ.

ಹೇಸಿಗೆಯಾಯಿತು. ಆ ಪತ್ರ ನನಗೆ ಎಷ್ಟು ಬೇಕಾಗಿತ್ತೆಂದು ಅವರಿಗೆಲ್ಲ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಹೇಸಿಗೆ. ಎದ್ದು ನಿಂತು ಉಡಿಯಲ್ಲಿದ್ದುದನ್ನೆಲ್ಲ ಆ ಪತ್ರದ ಮೇಲೆಯೇ ಸುರಿದೆ.

"ಶಿವಶಿವಾ, ತುಂಬಿದ ಉಡಿ ಸುರೀತಾರೇನ!" ಅತ್ತೆ ಬಾಯಿ ಬಡಿದುಕೊಂಡಳು.

ಅವ್ವ ಅಣ್ಣನ ಮುಖ ನೋಡಲಿಲ್ಲ. ನನ್ನ ದುಪಟ್ಟಾಕ್ಕೆ ಅಂಟಿದ್ದ ಅಕ್ಕಿಕಾಳು ಕೊಡವಿ, "ನಡಿ, ಬಸ್ಸಿಗೆ ಹೊತ್ತಾತು" ಎಂದಳು.

ಬೇರೆ ಯಾರ ಪತ್ರವೂ ಸಿಗದೆ ಶುಕ್ರವಾರ ಕಳೆಯಿತು, ಸೀಟೂ ಹೋಯಿತು. ಓದಿದ್ದು ಇಲ್ಲೇ, ಈಗ ಪಾಠ ಹೇಳುವುದೂ ಇಲ್ಲೇ, ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ. ಮದುವೆಮನೆಗಳಲ್ಲಿ ನನ್ನನ್ನು ಕಂಡಾಗಲೆಲ್ಲ ಮಾವ ಎಲೆ ಅಡಿಕೆ ಜಗಿಯುತ್ತ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾನೆ:

"ಈಕಿನ್ನ ಫಾರಿನ್ನಿಗೆ ಕಳ್ಸಾಕ ನಾನು ತಯಾರಿದ್ದೆ. ಈಕಿಗೇ ಓದು ಬ್ಯಾಡಾತು."